ಮೆದುಳಿನ ಗಡ್ಡೆ ಮತ್ತು ಎಂಆರ್‌ಐ: ಒಂದೇ ಯಂತ್ರ ಕೇಳುವ ಹಲವು ಪ್ರಶ್ನೆಗಳು

ಮೆದುಳಿನಲ್ಲಿ ಗಡ್ಡೆಯಿರಬಹುದೆಂಬ ಅನುಮಾನದಿಂದ ಎಂಆರ್‌ಐ ಮಾಡಿಸಿಕೊಂಡವರ ಕೈಗೆ ಬರುವ ವರದಿ ಒಂದೆರಡು ಪುಟಗಳನ್ನು ಮೀರುವುದಿಲ್ಲ. ಆದರೆ ಅದರಲ್ಲಿ ‘ಡಿಫ್ಯೂಷನ್ ನಿರ್ಬಂಧ ಕಂಡುಬಂದಿಲ್ಲ’, ‘ಪರ್ಫ್ಯೂಷನ್ ಹೆಚ್ಚಿದೆ’, ‘ಕೋಲೀನ್ ಏರಿದೆ, ಎನ್‌ಎಎ ಇಳಿದಿದೆ’ ಎಂಬಂಥ ಸಾಲುಗಳು ಒಂದರ ಹಿಂದೊಂದು ಬರುತ್ತವೆ. ಕೊನೆಯಲ್ಲಿ ‘ಹೆಚ್ಚಿನ ದರ್ಜೆಯ ಗ್ಲಿಯೋಮಾ ಇರುವ ಸಾಧ್ಯತೆ, ಅಂಗಾಂಶ ಪರೀಕ್ಷೆಯೊಂದಿಗೆ ತಾಳೆ ನೋಡುವುದು’ ಎಂಬ ಷರಾ ಇರುತ್ತದೆ. ಈ ಪದಗಳ ಅರ್ಥವೇನು, ಇಷ್ಟೆಲ್ಲ ನೋಡಿದ ಮೇಲೂ ತಜ್ಞರು ‘ಸಾಧ್ಯತೆ’ ಎಂಬಲ್ಲಿಗೇ ಏಕೆ ನಿಲ್ಲುತ್ತಾರೆ ಎಂಬ ಪ್ರಶ್ನೆಗಳು ಓದಿದವರಿಗೆ ಏಳುವುದು ಸಹಜ. ವರದಿಯ ಆ ಒಂದೊಂದು ಸಾಲೂ ಅದೇ ಯಂತ್ರದಲ್ಲಿ, ಒಂದೇ ಮಲಗುವಿಕೆಯಲ್ಲಿ ನಡೆದ ಬೇರೆ ಬೇರೆ ಪರೀಕ್ಷೆಗಳ ಉತ್ತರ. ಪ್ರತಿಯೊಂದು ಪರೀಕ್ಷೆಯೂ ಗಡ್ಡೆಯನ್ನು ಬೇರೆಯದೇ ಪ್ರಶ್ನೆ ಕೇಳುತ್ತದೆ. ಯಾವುದೂ ತಾನೊಂದೇ ಗಡ್ಡೆಯ ಹೆಸರನ್ನು ಹೇಳಲಾರದು.

ವೈದ್ಯರಿಗೆ ತಿಳಿಯಬೇಕಾದದ್ದು

ಮೆದುಳಿನ ಗಡ್ಡೆ ಎಂಬುದು ಒಂದು ಕಾಯಿಲೆಯ ಹೆಸರಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ. ಮೆದುಳನ್ನು ಸುತ್ತುವರಿದ ಪೊರೆಯಿಂದ ಹುಟ್ಟುವ ಮೆನಿಂಜಿಯೋಮಾ ಬಹುಪಾಲು ನಿಧಾನವಾಗಿ ಬೆಳೆಯುವಂಥದ್ದು. ವಯಸ್ಕರಲ್ಲಿ ತಲೆಬುರುಡೆಯೊಳಗೇ ಹುಟ್ಟುವ ಗಡ್ಡೆಗಳಲ್ಲಿ ಅತಿ ಸಾಮಾನ್ಯವಾದದ್ದೂ ಅದೇ. ನರಕೋಶಗಳಿಗೆ ಆಸರೆಯಾಗಿರುವ ಗ್ಲಿಯಾ ಕೋಶಗಳಿಂದ ಬೆಳೆಯುವವನ್ನು ಗ್ಲಿಯೋಮಾ ಎನ್ನುತ್ತಾರೆ. ಅವುಗಳಲ್ಲಿ ಅತ್ಯಂತ ಉಗ್ರವಾದದ್ದು ಗ್ಲಿಯೋಬ್ಲಾಸ್ಟೋಮಾ. ಶ್ವಾಸಕೋಶ, ಸ್ತನ, ಮೂತ್ರಪಿಂಡ ಮುಂತಾದೆಡೆ ಹುಟ್ಟಿದ ಕ್ಯಾನ್ಸರ್ ರಕ್ತದ ಮೂಲಕ ಮೆದುಳಿಗೆ ಬಂದು ನೆಲೆಸಿದರೆ ಅದು ಮೆಟಾಸ್ಟಾಸಿಸ್. ಪ್ರತಿರಕ್ಷಣಾ ಕೋಶಗಳಿಂದ ಬರುವ ಲಿಂಫೋಮಾ ಇನ್ನೊಂದು ಬಗೆ.

ಇವುಗಳ ನಡುವಿನ ವ್ಯತ್ಯಾಸ ಚಿಕಿತ್ಸೆಯ ಮೊದಲ ಹೆಜ್ಜೆಯನ್ನೇ ಬದಲಿಸುತ್ತದೆ. ಗ್ಲಿಯೋಬ್ಲಾಸ್ಟೋಮಾವನ್ನು ಸುರಕ್ಷಿತವಾಗಿ ಎಷ್ಟು ಸಾಧ್ಯವೋ ಅಷ್ಟೂ ಶಸ್ತ್ರಚಿಕಿತ್ಸೆಯಿಂದ ತೆಗೆಯಲು ನೋಡುತ್ತಾರೆ. ಲಿಂಫೋಮಾಕ್ಕೆ ಸಾಮಾನ್ಯವಾಗಿ ಸಣ್ಣ ತುಣುಕು ತೆಗೆದು ಪರೀಕ್ಷಿಸಿ ಔಷಧ ಚಿಕಿತ್ಸೆಗೆ ಹೋಗುತ್ತಾರೆ. ಬಯಾಪ್ಸಿಗೆ ಮುನ್ನ ಸ್ಟೆರಾಯ್ಡ್ ಕೊಟ್ಟರೆ ಲಿಂಫೋಮಾ ತಾತ್ಕಾಲಿಕವಾಗಿ ಕರಗಿ, ತುಣುಕಿನಲ್ಲಿ ರೋಗವೇ ಕಾಣದಂತಾಗಬಹುದು. ಕೀವಿನ ಬಾವಾದರೆ ಅದು ಗಡ್ಡೆಯೇ ಅಲ್ಲ, ಸೋಂಕು. ಹೀಗಾಗಿ ಗಡ್ಡೆ ಇದೆಯೋ ಇಲ್ಲವೋ ಎಂಬುದಷ್ಟೇ ಸಾಲದು. ಅದು ಮೆದುಳಿನ ಒಳಗಿದೆಯೋ ಹೊರಗಿನಿಂದ ಒತ್ತುತ್ತಿದೆಯೋ, ಯಾವ ಬಗೆಯದು, 1ರಿಂದ (ಸೌಮ್ಯ) 4ರವರೆಗಿನ (ಅತಿ ಉಗ್ರ) ದರ್ಜೆಗಳಲ್ಲಿ ಎಲ್ಲಿ ನಿಲ್ಲುತ್ತದೆ, ಅಂಚು ಎಲ್ಲಿದೆ, ಅದರ ಪಕ್ಕದಲ್ಲಿ ಮಾತನ್ನೋ ಕೈಕಾಲನ್ನೋ ನಡೆಸುವ ಜಾಗ ಯಾವುದು ಎಂಬುದೆಲ್ಲ ಚಿಕಿತ್ಸೆ ಶುರುವಾಗುವ ಮುನ್ನ ಬೇಕು.

ಯಂತ್ರದೊಳಗೆ ನಡೆಯುವುದು

ಎಂಆರ್‌ಐ ಯಂತ್ರದಲ್ಲಿ ಎಕ್ಸ್‌ರೇ ಇಲ್ಲ. ಅದು ನೋಡುವುದು ಜಲಜನಕವನ್ನು. ದೇಹದ ನೀರು ಮತ್ತು ಕೊಬ್ಬಿನಲ್ಲಿ ಜಲಜನಕದ ಪರಮಾಣುಗಳು ತುಂಬಿವೆ, ಅವುಗಳ ಕೇಂದ್ರದಲ್ಲಿರುವ ಪ್ರೋಟಾನ್ ಅತಿ ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. ಆಸ್ಪತ್ರೆಗಳಲ್ಲಿ ಹೆಚ್ಚಾಗಿರುವ 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30 ಸಾವಿರ ಪಟ್ಟು ಪ್ರಬಲ. 3 ಟೆಸ್ಲಾ ಯಂತ್ರದ್ದು ಅದರ ಇಮ್ಮಡಿ. ಅಂಥ ಕ್ಷೇತ್ರದಲ್ಲಿ ಪ್ರೋಟಾನುಗಳಲ್ಲಿ ಒಂದು ಸಣ್ಣ ಪಾಲು ಹೆಚ್ಚಾಗಿ ಒಂದೇ ದಿಕ್ಕಿಗೆ ವಾಲುತ್ತದೆ. ಆಗ 1.5 ಟೆಸ್ಲಾದಲ್ಲಾದರೆ ಸೆಕೆಂಡಿಗೆ ಸುಮಾರು 6.4 ಕೋಟಿ ಸಲ ಕಂಪಿಸುವ ರೇಡಿಯೊ ತರಂಗವನ್ನು ಹಾಯಿಸಿದರೆ ಅವು ತಮ್ಮ ಜಾಡು ಬಿಟ್ಟು ಓರೆಯಾಗುತ್ತವೆ. ತರಂಗ ನಿಂತ ಮೇಲೆ ಮೊದಲಿನ ಸ್ಥಿತಿಗೆ ಮರಳುತ್ತ ತಾವೇ ಒಂದು ಕ್ಷೀಣ ಸಂಕೇತವನ್ನು ಹೊಮ್ಮಿಸುತ್ತವೆ. ಆ ಸಂಕೇತವನ್ನು ಹಿಡಿದು, ಅದು ತಲೆಯ ಯಾವ ಬಿಂದುವಿನಿಂದ ಬಂತೆಂದು ಲೆಕ್ಕ ಹಾಕಿ ಚಿತ್ರವನ್ನು ಕಟ್ಟಲಾಗುತ್ತದೆ.

ಮರಳುವ ವೇಗ ಎಲ್ಲ ಅಂಗಾಂಶಗಳಲ್ಲೂ ಒಂದೇ ಅಲ್ಲ, ಮತ್ತು ಇಡೀ ತಂತ್ರ ನಿಂತಿರುವುದು ಈ ಒಂದು ವಿಷಯದ ಮೇಲೆ. 1971ರಲ್ಲಿ ರೇಮಂಡ್ ಡಮೇಡಿಯನ್ ಅವರು ಇಲಿಗಳ ಗಡ್ಡೆಗಳಲ್ಲಿ ಈ ಕಾಲಾವಧಿ ಆರೋಗ್ಯವಂತ ಅಂಗಾಂಶಕ್ಕಿಂತ ಹೆಚ್ಚಿರುವುದನ್ನು ತೋರಿಸಿದರು. 1973ರಲ್ಲಿ ಪಾಲ್ ಲಾಟರ್‌ಬರ್ ಈ ಸಂಕೇತಗಳಿಂದ ಚಿತ್ರ ಮೂಡಿಸುವ ವಿಧಾನವನ್ನು ಪ್ರಕಟಿಸಿದರು, ಪೀಟರ್ ಮ್ಯಾನ್ಸ್‌ಫೀಲ್ಡ್ ಅದನ್ನು ವೇಗವಾಗಿಸುವ ದಾರಿ ತೋರಿದರು. ಈ ಇಬ್ಬರಿಗೂ 2003ರ ವೈದ್ಯಕೀಯ ನೊಬೆಲ್ ದೊರೆಯಿತು.

ಕ್ಷೇತ್ರದ ದಿಕ್ಕಿಗೆ ಮರಳಲು ಬೇಕಾಗುವ ಅವಧಿಗೆ ಟಿ1, ಪ್ರೋಟಾನುಗಳು ತಮ್ಮ ನಡುವಿನ ಲಯ ಕಳೆದುಕೊಳ್ಳುವ ಅವಧಿಗೆ ಟಿ2 ಎಂದು ಹೆಸರು. ಟಿ1ಗೆ ಒತ್ತು ಕೊಟ್ಟು ತೆಗೆದ ಚಿತ್ರದಲ್ಲಿ ನೀರು ಕಪ್ಪು, ಟಿ2 ಚಿತ್ರದಲ್ಲಿ ಬಿಳಿ. ಗಡ್ಡೆಯಲ್ಲೂ ಅದರ ಸುತ್ತಲಿನ ಊತದಲ್ಲೂ ನೀರಿನಂಶ ಹೆಚ್ಚಿರುವುದರಿಂದ ಅವು ಟಿ2 ಚಿತ್ರದಲ್ಲಿ ಬೆಳ್ಳಗೆ ಎದ್ದು ಕಾಣುತ್ತವೆ. ಆದರೆ ಮೆದುಳಿನ ಕುಹರಗಳಲ್ಲಿರುವ ದ್ರವವೂ ಅಷ್ಟೇ ಬೆಳ್ಳಗಿರುವುದರಿಂದ ಅಂಚಿನ ಗಡ್ಡೆ ಅದರಲ್ಲಿ ಬೆರೆತುಹೋಗಬಹುದು. ಆ ದ್ರವದ ಸಂಕೇತವನ್ನಷ್ಟೇ ಅಡಗಿಸುವ ಫ್ಲೇರ್ ಎಂಬ ವಿಧಾನ ಈ ತೊಡಕನ್ನು ನಿವಾರಿಸುತ್ತದೆ.

ಕಾಂಟ್ರಾಸ್ಟ್ ಏನನ್ನು ತೋರಿಸುತ್ತದೆ

ಸ್ಕ್ಯಾನ್ ನಡುವೆ ರಕ್ತನಾಳಕ್ಕೆ ಕೊಡುವ ಕಾಂಟ್ರಾಸ್ಟ್ ಎಂಬ ಚುಚ್ಚುಮದ್ದಿನಲ್ಲಿ ಗ್ಯಾಡೋಲಿನಿಯಂ ಎಂಬ ಲೋಹವಿರುತ್ತದೆ. ಲೋಹ ಬಿಡಿಯಾಗಿದ್ದರೆ ವಿಷ. ಅದಕ್ಕಾಗಿ ಅದನ್ನು ಮತ್ತೊಂದು ಅಣುವಿನೊಳಗೆ ಬಿಗಿಯಾಗಿ ಕಟ್ಟಿ ಕೊಡುತ್ತಾರೆ, ಅದು ಬಹುಪಾಲು ಮೂತ್ರದ ಮೂಲಕ ಹೊರಹೋಗುತ್ತದೆ. ಗ್ಯಾಡೋಲಿನಿಯಂ ತನ್ನ ಸಮೀಪದ ನೀರಿನ ಟಿ1 ಅವಧಿಯನ್ನು ಕಡಿತಗೊಳಿಸುತ್ತದೆ, ಆದ್ದರಿಂದ ಅದು ಸೇರಿದ ಜಾಗ ಟಿ1 ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ.

ಆರೋಗ್ಯವಂತ ಮೆದುಳಿನ ಬಹುಭಾಗಕ್ಕೆ ಅದು ಸೇರುವುದೇ ಇಲ್ಲ. ಮೆದುಳಿನ ಸೂಕ್ಷ್ಮ ರಕ್ತನಾಳಗಳ ಒಳಗೋಡೆಯ ಕೋಶಗಳು ಸಂದಿಲ್ಲದಂತೆ ಬೆಸೆದುಕೊಂಡು ರಕ್ತ-ಮೆದುಳು ತಡೆಯನ್ನು ನಿರ್ಮಿಸಿರುತ್ತವೆ. ಉಗ್ರ ಗಡ್ಡೆಗಳು ಅವಸರದಲ್ಲಿ ಬೆಳೆಸಿಕೊಳ್ಳುವ ಹೊಸ ನಾಳಗಳಲ್ಲಿ ಈ ಬೆಸುಗೆ ಕೆಟ್ಟಿರುವುದರಿಂದ ಔಷಧ ಸೋರಿ ಗಡ್ಡೆ ಹೊಳೆಯುತ್ತದೆ. ಮೆನಿಂಜಿಯೋಮಾ ಹೊಳೆಯಲು ಕಾರಣ ಬೇರೆ: ಅದು ಪೊರೆಯಿಂದ ಹುಟ್ಟಿದ್ದು, ಅಲ್ಲಿ ಈ ತಡೆಯೇ ಇಲ್ಲ.

ಹೊಳಪು ಎಂದರೆ ಉಗ್ರತೆ ಎಂದು ಅನೇಕರು ಭಾವಿಸುವುದುಂಟು. ಹಾಗಲ್ಲ. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಪೈಲೋಸೈಟಿಕ್ ಆಸ್ಟ್ರೋಸೈಟೋಮಾ ಎಂಬ ಗ್ಲಿಯೋಮಾ 1ನೇ ದರ್ಜೆಯದಾದರೂ ಚೆನ್ನಾಗಿ ಹೊಳೆಯುತ್ತದೆ. ಕೆಲವು ಉಗ್ರ ಗ್ಲಿಯೋಮಾಗಳು ಹೊಳೆಯುವುದೇ ಇಲ್ಲ. ಹೊಳಪು ತಿಳಿಸುವುದು ತಡೆ ಒಡೆದಿದೆ ಅಥವಾ ಅಲ್ಲಿ ತಡೆಯೇ ಇಲ್ಲ ಎಂಬುದನ್ನು ಮಾತ್ರ. ಗ್ಲಿಯೋಬ್ಲಾಸ್ಟೋಮಾ, ಮೆಟಾಸ್ಟಾಸಿಸ್, ಕೀವಿನ ಬಾವು, ನರತಂತುಗಳ ಹೊದಿಕೆ ಕಳಚುವ ಕೆಲವು ಕಾಯಿಲೆಗಳು ಇವೆಲ್ಲವೂ ಹೊರಗೆ ಹೊಳೆಯುವ ಉಂಗುರ, ಒಳಗೆ ಕಪ್ಪು ಎಂಬ ಒಂದೇ ರೂಪದಲ್ಲಿ ಕಾಣಿಸಿಕೊಳ್ಳಬಲ್ಲವು. ಮಾಮೂಲಿ ಎಂಆರ್‌ಐ ಸೋಲುವ ಈ ಜಾಗದಿಂದಲೇ ಮುಂದಿನ ಪರೀಕ್ಷೆಗಳ ಅಗತ್ಯ ಶುರುವಾಗುತ್ತದೆ.

ನೀರಿನ ಓಡಾಟ: ಡಿಫ್ಯೂಷನ್

ಅಂಗಾಂಶದಲ್ಲಿರುವ ನೀರಿನ ಅಣುಗಳು ಎಂದೂ ಸುಮ್ಮನಿರುವುದಿಲ್ಲ. ಶಾಖದ ಬಲದಿಂದ ಗೊತ್ತುಗುರಿಯಿಲ್ಲದೆ ಅತ್ತಿತ್ತ ಸರಿಯುತ್ತಲೇ ಇರುತ್ತವೆ. ಬಯಲಿನಲ್ಲಿ ನಡೆಯುವವನು ಒಂದು ನಿಮಿಷದಲ್ಲಿ ಕ್ರಮಿಸುವಷ್ಟು ದೂರವನ್ನು ಕಿಕ್ಕಿರಿದ ಜನಜಂಗುಳಿಯಲ್ಲಿ ಸಿಕ್ಕವನು ಕ್ರಮಿಸಲಾರ. ಕೋಶಗಳು ಒತ್ತೊತ್ತಾಗಿರುವ ಕಡೆ ನೀರಿನ ಅಣುವಿನ ಪಾಡೂ ಅದೇ. ಕಾಂತಕ್ಷೇತ್ರದಲ್ಲಿ ಅಲ್ಪಾವಧಿಯ ಏರಿಳಿತವನ್ನು ಎರಡು ಬಾರಿ ಉಂಟುಮಾಡಿ, ಆ ನಡುವೆ ಅಣುಗಳು ಎಷ್ಟು ಸರಿದವೆಂಬುದನ್ನು ಸಂಕೇತದ ನಷ್ಟದಿಂದ ಅಳೆಯುವುದೇ ಡಿಫ್ಯೂಷನ್ ಚಿತ್ರಣ. ಫಲಿತಾಂಶವನ್ನು ಎಡಿಸಿ ಎಂಬ ನಕ್ಷೆಯಾಗಿ ಕೊಡುತ್ತಾರೆ. ನೀರಿನ ಚಲನೆಗೆ ಅಡ್ಡಿಯಿರುವ ಜಾಗ ಈ ನಕ್ಷೆಯಲ್ಲಿ ಕಪ್ಪಾಗಿಯೂ ಡಿಫ್ಯೂಷನ್ ಚಿತ್ರದಲ್ಲಿ ಬೆಳ್ಳಗೂ ಕಂಡರೆ ಅದನ್ನು ವರದಿಯಲ್ಲಿ ‘ನಿರ್ಬಂಧ’ ಎಂದು ಬರೆಯುತ್ತಾರೆ.

ಉಂಗುರದಂತೆ ಹೊಳೆಯುವ ಗಡ್ಡೆಯ ಪ್ರಶ್ನೆಗೆ ಇದು ಕೊಡುವ ನೆರವು ದೊಡ್ಡದು. ಕೀವು ದಪ್ಪನೆಯ ದ್ರವ. ಅದರಲ್ಲಿ ಬ್ಯಾಕ್ಟೀರಿಯಾ, ಬಿಳಿ ರಕ್ತಕಣ, ಪ್ರೋಟೀನುಗಳು ತುಂಬಿರುವುದರಿಂದ ಉಂಗುರದ ಒಳಭಾಗದಲ್ಲಿ ನೀರು ಸರಿದಾಡಲಾರದು, ನಿರ್ಬಂಧ ಸ್ಪಷ್ಟವಾಗಿ ಕಾಣುತ್ತದೆ. ಗ್ಲಿಯೋಬ್ಲಾಸ್ಟೋಮಾದ ಒಳಭಾಗ ಸತ್ತು ಕರಗಿದ ಅಂಗಾಂಶ. ಅಲ್ಲಿ ನೀರಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ಕೆಲವೇ ನಿಮಿಷಗಳ ಈ ಪರೀಕ್ಷೆ ಸೋಂಕನ್ನೂ ಕ್ಯಾನ್ಸರನ್ನೂ ಬಹಳಷ್ಟು ಮಟ್ಟಿಗೆ ಬೇರ್ಪಡಿಸುತ್ತದೆ. ಲಿಂಫೋಮಾದಲ್ಲಿ ಕೋಶಗಳು ತೀರಾ ದಟ್ಟವಾಗಿರುವುದರಿಂದ ಹೊಳೆಯುವ ಗಟ್ಟಿ ಭಾಗದಲ್ಲೇ ನಿರ್ಬಂಧ ಕಾಣುವುದು ಅದರ ಕಡೆಗೆ ಬೆರಳು ತೋರುವ ಸುಳಿವು. ಹೊಸದಾಗಿ ಆದ ಪಾರ್ಶ್ವವಾಯುವಿನಲ್ಲೂ ನಿರ್ಬಂಧ ಕಾಣುತ್ತದೆ. ಹಾಗಾಗಿ ಈ ಪದವೊಂದನ್ನೇ ವರದಿಯಲ್ಲಿ ಕಂಡು ಗಾಬರಿಪಡುವುದಕ್ಕೂ ನಿರಾಳವಾಗುವುದಕ್ಕೂ ಆಧಾರವಿಲ್ಲ.

ರಕ್ತದ ಲೆಕ್ಕ: ಪರ್ಫ್ಯೂಷನ್

ಬೆಳೆಯುವ ಗಡ್ಡೆಗೆ ಆಮ್ಲಜನಕವೂ ಸಕ್ಕರೆಯೂ ಬೇಕು. ಇರುವ ನಾಳಗಳು ಸಾಲದಾದಾಗ ಉಗ್ರ ಗಡ್ಡೆ ಹೊಸ ನಾಳಗಳು ಚಿಗುರುವಂತೆ ಪ್ರಚೋದಿಸುತ್ತದೆ. ಗಡ್ಡೆಯ ಒಂದು ಭಾಗದಲ್ಲಿ ಎಷ್ಟು ರಕ್ತವಿದೆ ಎಂದು ಅಳೆದರೆ ಅದರ ಸ್ವಭಾವದ ಅಂದಾಜು ಸಿಗುತ್ತದೆ ಎಂಬುದು ಪರ್ಫ್ಯೂಷನ್ ಪರೀಕ್ಷೆಯ ಹಿಂದಿನ ತರ್ಕ.

ಹೆಚ್ಚು ಬಳಕೆಯಲ್ಲಿರುವ ವಿಧಾನದಲ್ಲಿ ಗ್ಯಾಡೋಲಿನಿಯಂ ಔಷಧವನ್ನು ಪಂಪಿನ ಸಹಾಯದಿಂದ ಕೆಲವೇ ಸೆಕೆಂಡುಗಳಲ್ಲಿ ರಭಸವಾಗಿ ತೋಳಿನ ನಾಳಕ್ಕೆ ನುಗ್ಗಿಸುತ್ತಾರೆ. ಅದೇ ಹೊತ್ತಿಗೆ ಯಂತ್ರ ಇಡೀ ಮೆದುಳಿನ ಚಿತ್ರವನ್ನು ಒಂದೆರಡು ಸೆಕೆಂಡಿಗೊಮ್ಮೆ ತೆಗೆಯುತ್ತ ಹೋಗುತ್ತದೆ. ಮೊದಲ ಕೆಲವು ಚಿತ್ರಗಳಲ್ಲಿ ಏನೂ ಬದಲಾಗುವುದಿಲ್ಲ. ಔಷಧದ ಅಲೆ ಮೆದುಳಿನ ನಾಳಗಳನ್ನು ಹೊಕ್ಕ ಕ್ಷಣದಲ್ಲಿ ಸಂಕೇತ ಕುಸಿಯುತ್ತದೆ, ಅಲೆ ದಾಟಿದ ಮೇಲೆ ಮತ್ತೆ ಮೇಲೇರುತ್ತದೆ. ಗ್ರಾಫ್‌ನಲ್ಲಿ ಇದು ಒಂದು ಕಣಿವೆಯಂತೆ ಕಾಣುತ್ತದೆ. ಕಣಿವೆ ಎಷ್ಟು ಆಳ, ಎಷ್ಟು ಅಗಲ ಎಂಬುದರಿಂದ ಆ ಜಾಗದ ರಕ್ತದ ಪ್ರಮಾಣ ಲೆಕ್ಕಕ್ಕೆ ಸಿಗುತ್ತದೆ. ಗಡ್ಡೆಯ ಅಂಕಿಯನ್ನು ಎದುರು ಬದಿಯ ಆರೋಗ್ಯವಂತ ಬಿಳಿ ಭಾಗದ (ನರತಂತುಗಳಿರುವ ‘ವೈಟ್ ಮ್ಯಾಟರ್’) ಅಂಕಿಯಿಂದ ಭಾಗಿಸಿ ಬರುವುದೇ ಆರ್‌ಸಿಬಿವಿ ಎಂಬ ಅನುಪಾತ.

ಈ ಅನುಪಾತದ ಶಕ್ತಿ ಮತ್ತು ಮಿತಿ ಎರಡೂ ಒಂದೇ ಅಧ್ಯಯನದಲ್ಲಿ ಕಾಣಸಿಗುತ್ತವೆ. 2003ರಲ್ಲಿ ಪ್ರಕಟವಾದ, 160 ಗ್ಲಿಯೋಮಾ ರೋಗಿಗಳನ್ನು ಒಳಗೊಂಡ ಆ ಅಧ್ಯಯನದಲ್ಲಿ ಮಾಮೂಲಿ ಎಂಆರ್‌ಐ ಹೆಚ್ಚಿನ ದರ್ಜೆಯ ಗಡ್ಡೆಗಳಲ್ಲಿ ಶೇ 72.5ರಷ್ಟನ್ನು ಸರಿಯಾಗಿ ಗುರುತಿಸಿತ್ತು. ಆರ್‌ಸಿಬಿವಿ 1.75ಕ್ಕಿಂತ ಹೆಚ್ಚಿದ್ದರೆ ಉಗ್ರ ಎಂದು ಪರಿಗಣಿಸಿದಾಗ ಅದು ಶೇ 95ಕ್ಕೆ ಏರಿತು. ಆದರೆ ಅದೇ ಗೆರೆಯ ಪ್ರಕಾರ ಕಡಿಮೆ ದರ್ಜೆಯ ಗಡ್ಡೆಗಳಲ್ಲಿ ಶೇ 57.5ರಷ್ಟು ಮಾತ್ರ ಸರಿಯಾಗಿ ವಿಂಗಡಣೆಯಾದವು. ಉಳಿದವು ಉಗ್ರವೆಂದು ತಪ್ಪಾಗಿ ಲೆಕ್ಕಕ್ಕೆ ಬಂದವು. ಆಲಿಗೋಡೆಂಡ್ರೋಗ್ಲಿಯೋಮಾ ಎಂಬ ಬಗೆ ಕಡಿಮೆ ದರ್ಜೆಯಲ್ಲಿದ್ದಾಗಲೂ ಸೂಕ್ಷ್ಮ ನಾಳಗಳ ಜಾಲವನ್ನೇ ಹೊಂದಿರುವುದು ಇಂಥ ತಪ್ಪಿಗೆ ಒಂದು ಕಾರಣ. ಯಂತ್ರ, ಔಷಧದ ಪ್ರಮಾಣ, ಲೆಕ್ಕದ ತಂತ್ರಾಂಶ ಬದಲಾದರೆ ಅಂಕಿಯೂ ಬದಲಾಗುವುದರಿಂದ ಒಂದು ಕೇಂದ್ರದ 2.4ನ್ನು ಇನ್ನೊಂದು ಕೇಂದ್ರದ 2.1ರ ಪಕ್ಕದಲ್ಲಿಟ್ಟು ಗಡ್ಡೆ ಇಳಿಮುಖವಾಗಿದೆ ಎಂದು ತೀರ್ಮಾನಿಸುವುದು ಸರಿಯಲ್ಲ.

ಒಂಟಿ ಗಡ್ಡೆ ಗ್ಲಿಯೋಬ್ಲಾಸ್ಟೋಮಾವೋ ಮೆಟಾಸ್ಟಾಸಿಸ್ಸೋ ಎಂಬ ಸಂದೇಹ ಬಂದಾಗ ತಜ್ಞರು ಗಡ್ಡೆಗಿಂತ ಅದರ ಸುತ್ತಲಿನ ಬಿಳಿ ಊತವನ್ನು ಹೆಚ್ಚು ಗಮನಿಸುತ್ತಾರೆ. ಮೆಟಾಸ್ಟಾಸಿಸ್ ಸಾಮಾನ್ಯವಾಗಿ ತನ್ನ ಎಲ್ಲೆಯೊಳಗೆ ಉಳಿಯುತ್ತದೆ, ಸುತ್ತಲಿನ ಊತದಲ್ಲಿ ಬರೀ ನೀರು. ಗ್ಲಿಯೋಬ್ಲಾಸ್ಟೋಮಾದ ಕೋಶಗಳು ಉಂಗುರದಾಚೆಗೂ ನುಸುಳಿರುತ್ತವೆ, ಆದ್ದರಿಂದ ಅಲ್ಲಿ ರಕ್ತದ ಪ್ರಮಾಣವೂ ಏರಿರುತ್ತದೆ. ಲಿಂಫೋಮಾದಲ್ಲಿ ಹೊಸ ನಾಳಗಳು ಹೆಚ್ಚಿಲ್ಲದ ಕಾರಣ, ಚೆನ್ನಾಗಿ ಹೊಳೆದರೂ ರಕ್ತದ ಪ್ರಮಾಣ ಅಷ್ಟಾಗಿ ಏರಿರುವುದಿಲ್ಲ.

ಔಷಧವಿಲ್ಲದೆಯೇ ರಕ್ತದ ಹರಿವನ್ನು ಅಳೆಯುವ ವಿಧಾನವೂ ಇದೆ. ಕುತ್ತಿಗೆಯ ಅಪಧಮನಿಗಳಲ್ಲಿ ಮೇಲೇರುವ ರಕ್ತದ ನೀರನ್ನೇ ರೇಡಿಯೊ ತರಂಗದಿಂದ ಗುರುತು ಮಾಡಿ, ಅದು ಮೆದುಳನ್ನು ತಲುಪಿದಾಗ ಚಿತ್ರ ತೆಗೆಯುತ್ತಾರೆ. ಮಕ್ಕಳಿಗೂ ಮೂತ್ರಪಿಂಡದ ತೊಂದರೆಯಿರುವವರಿಗೂ ಇದು ಅನುಕೂಲ.

ರಕ್ತಸ್ರಾವವನ್ನೂ ಸುಣ್ಣದ ಕಲೆಗಳನ್ನೂ ಹುಡುಕುವ ಎಸ್‌ಡಬ್ಲ್ಯುಐ ಎಂಬ ಚಿತ್ರಣ ಇವುಗಳ ಜೊತೆಗೇ ಆಗುತ್ತದೆ. ಆಲಿಗೋಡೆಂಡ್ರೋಗ್ಲಿಯೋಮಾದಲ್ಲಿ ಸುಣ್ಣ ಕಟ್ಟುವುದು ಸಾಮಾನ್ಯವಾದ್ದರಿಂದ ಅದು ಉಪಯುಕ್ತ ಸುಳಿವು.

ರಾಸಾಯನಿಕಗಳ ಗ್ರಾಫ್: ಸ್ಪೆಕ್ಟ್ರೋಸ್ಕೋಪಿ

ವರದಿಯೊಂದಿಗೆ ಬರುವ ಚಿತ್ರಗಳ ನಡುವೆ ಏರಿಳಿತದ ಗೆರೆಯಿರುವ ಗ್ರಾಫ್ ಒಂದಿದ್ದರೆ ಅದು ಸ್ಪೆಕ್ಟ್ರೋಸ್ಕೋಪಿಯದು. ಜಲಜನಕ ಯಾವ ಅಣುವಿನಲ್ಲಿದೆ ಎಂಬುದರ ಮೇಲೆ ಅದರ ಸಂಕೇತದ ಆವೃತ್ತಿ ಅತಿ ಸೂಕ್ಷ್ಮವಾಗಿ ಬದಲಾಗುತ್ತದೆ. ಆ ವ್ಯತ್ಯಾಸವನ್ನು ದಶಲಕ್ಷದಲ್ಲಿ ಇಷ್ಟು ಭಾಗವೆಂದು, ಅಂದರೆ ಪಿಪಿಎಂನಲ್ಲಿ ಅಳೆಯುತ್ತಾರೆ. ನೀರಿನ ಸಂಕೇತ ಉಳಿದೆಲ್ಲ ರಾಸಾಯನಿಕಗಳಿಗಿಂತ ಸಾವಿರಾರು ಪಟ್ಟು ದೊಡ್ಡದಾದ ಕಾರಣ ಮೊದಲು ಅದನ್ನು ಅಡಗಿಸಬೇಕಾಗುತ್ತದೆ.

ಗ್ರಾಫ್‌ನ ಅಂಕಿಗಳು ಬಲದಿಂದ ಎಡಕ್ಕೆ ಏರುತ್ತವೆ. ಬಲಗಡೆ 2.0ರ ಬಳಿ ಇರುವ ಶಿಖರ ಎನ್‌ಎಎ; ಅದು ಮುಖ್ಯವಾಗಿ ನರಕೋಶಗಳಲ್ಲಿರುವ ವಸ್ತು. 3.0ರಲ್ಲಿ ಶಕ್ತಿಯ ವ್ಯವಹಾರಕ್ಕೆ ಸಂಬಂಧಿಸಿದ ಕ್ರಿಯಾಟಿನ್, ಅದರ ಎಡಕ್ಕೆ ಅಂಟಿದಂತೆ 3.2ರಲ್ಲಿ ಕೋಶಪೊರೆಯ ನಿರ್ಮಾಣಕ್ಕೆ ಬೇಕಾದ ಕೋಲೀನ್. ಆರೋಗ್ಯವಂತ ಬಿಳಿ ಭಾಗದ ಗ್ರಾಫ್‌ನಲ್ಲಿ ಎಡದ ಈ ತಗ್ಗು ಶಿಖರಗಳಿಂದ ಬಲದ ಎತ್ತರದ ಎನ್‌ಎಎ ಕಡೆಗೆ ಒಂದು ಏರು ಕಾಣುತ್ತದೆ. ಗ್ಲಿಯೋಮಾದಲ್ಲಿ ನರಕೋಶಗಳು ನಾಶವಾಗಿ ಎನ್‌ಎಎ ಕುಸಿಯುತ್ತದೆ, ಕೋಶಗಳು ಬೇಗಬೇಗ ವಿಭಜಿಸುವುದರಿಂದ ಕೋಲೀನ್ ಮೇಲೇಳುತ್ತದೆ. ಏರು ಇದ್ದಲ್ಲಿ ಇಳಿಜಾರು ಕಾಣುತ್ತದೆ. 1.3ರ ಬಳಿ ಕವಲೊಡೆದ ಶಿಖರ ಕಂಡರೆ ಅದು ಆಮ್ಲಜನಕದ ಕೊರತೆಯನ್ನು ಸೂಚಿಸುವ ಲ್ಯಾಕ್ಟೇಟ್. ಸುಮಾರು ಅದೇ ಜಾಗದಲ್ಲಿ ಬರುವ ಕೊಬ್ಬಿನ ಅಗಲ ಶಿಖರ ಅಂಗಾಂಶ ಸಾಯುತ್ತಿರುವುದರ ಗುರುತು.

2008ರ ನಂತರ ಈ ಪರೀಕ್ಷೆಗೆ ಹೊಸ ಮಹತ್ವ ಬಂತು. ಕೆಲವು ಗ್ಲಿಯೋಮಾಗಳಲ್ಲಿ ಐಡಿಎಚ್ ಎಂಬ ಜೀನ್ ರೂಪಾಂತರಗೊಂಡಿರುವುದು ಆಗ ಪತ್ತೆಯಾಯಿತು. ಅಂಥ ಗಡ್ಡೆಗಳಿರುವವರು ಸರಾಸರಿ ಹೆಚ್ಚು ಕಾಲ ಬದುಕುತ್ತಾರೆ ಎಂಬುದೂ ತಿಳಿದುಬಂತು. ಈ ರೂಪಾಂತರವಾದ ಕೋಶಗಳು 2-ಹೈಡ್ರಾಕ್ಸಿಗ್ಲುಟಾರೇಟ್ ಎಂಬ ವಸ್ತುವನ್ನು ರಾಶಿರಾಶಿಯಾಗಿ ತಯಾರಿಸುತ್ತವೆ, ಅದರ ಶಿಖರ 2.25ರ ಆಸುಪಾಸಿನಲ್ಲಿ ಬರುತ್ತದೆ. ತಲೆಬುರುಡೆಯನ್ನು ತೆರೆಯದೆಯೇ ಜೀನ್‌ನ ಸ್ಥಿತಿಯನ್ನು ಊಹಿಸಲು ಸಾಧ್ಯ ಎಂಬುದನ್ನು 2012ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿದವು. ನೆರೆಯ ಶಿಖರಗಳೊಂದಿಗೆ ಬೆರೆತುಹೋಗುವ ಕಾರಣ ಇದನ್ನು ಅಳೆಯಲು ವಿಶೇಷ ಸಿದ್ಧತೆ ಬೇಕು. ಎಲ್ಲ ಕೇಂದ್ರಗಳಲ್ಲೂ ದಿನನಿತ್ಯ ನಡೆಯುವ ಪರೀಕ್ಷೆ ಇದಲ್ಲ. ಕುತೂಹಲದ ಸಂಗತಿಯೆಂದರೆ, ಅದೇ ರೂಪಾಂತರದ ಒಂದು ಸುಳಿವು ಮಾಮೂಲಿ ಚಿತ್ರಗಳಲ್ಲೇ ಅಡಗಿತ್ತು. ಟಿ2 ಚಿತ್ರದಲ್ಲಿ ಇಡೀ ಗಡ್ಡೆ ಬೆಳ್ಳಗಿದ್ದು, ಫ್ಲೇರ್‌ನಲ್ಲಿ ಅಂಚು ಮಾತ್ರ ಬೆಳ್ಳಗೆ ಉಳಿದು ಒಳಭಾಗ ಕಪ್ಪಾದರೆ, ಅದು ಐಡಿಎಚ್ ರೂಪಾಂತರದ ಆಸ್ಟ್ರೋಸೈಟೋಮಾ ಆಗಿರುವ ಸಂಭವ ಬಹಳ ಹೆಚ್ಚು ಎಂದು 2017ರಲ್ಲಿ ವರದಿಯಾಯಿತು. ಈ ಲಕ್ಷಣ ಕಾಣದಿದ್ದರೆ ರೂಪಾಂತರ ಇಲ್ಲವೆಂದು ಅರ್ಥವಲ್ಲ.

ಸ್ಪೆಕ್ಟ್ರೋಸ್ಕೋಪಿಯ ದೊಡ್ಡ ದೌರ್ಬಲ್ಯ ಅದರ ಒರಟುತನ. ಒಂದು ಗ್ರಾಫ್‌ಗೆ ಸುಮಾರು ಒಂದರಿಂದ ಎರಡು ಸೆಂಟಿಮೀಟರ್ ಬದಿಯ ಘನಾಕಾರದ ಜಾಗ ಬೇಕು; ಅದರೊಳಗೆ ಗಡ್ಡೆ, ಊತ, ಸತ್ತ ಭಾಗ ಎಲ್ಲ ಸೇರಿಕೊಂಡರೆ ಸಿಗುವುದು ಕಲಬೆರಕೆಯ ಉತ್ತರ. ಮೂಳೆ, ನೆತ್ತಿಯ ಕೊಬ್ಬು, ಗಾಳಿ ತುಂಬಿದ ಸೈನಸ್‌ಗಳ ಹತ್ತಿರವಿರುವ ಗಡ್ಡೆಯಲ್ಲಂತೂ ಗ್ರಾಫ್ ಕೆಡುವುದೇ ಹೆಚ್ಚು.

ಶಸ್ತ್ರಚಿಕಿತ್ಸೆಗೆ ಮುನ್ನ ಬೇಕಾದ ನಕ್ಷೆ

ಗಡ್ಡೆ ಯಾವುದೆಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು ಅದರ ನೆರೆಯಲ್ಲಿ ಏನಿದೆ ಎಂಬುದು. ಫಂಕ್ಷನಲ್ ಎಂಆರ್‌ಐ ಇದಕ್ಕಾಗಿ ರಕ್ತದಲ್ಲಿನ ಹಿಮೋಗ್ಲೋಬಿನನ್ನು ಬಳಸಿಕೊಳ್ಳುತ್ತದೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಕಾಂತಕ್ಷೇತ್ರವನ್ನು ತುಸು ಕದಡುತ್ತದೆ, ಆಮ್ಲಜನಕವಿರುವುದು ಹಾಗೆ ಮಾಡುವುದಿಲ್ಲ. ಇದನ್ನು ಚಿತ್ರಣಕ್ಕೆ ಬಳಸಬಹುದೆಂದು ಸೇಜಿ ಒಗಾವಾ ಮತ್ತು ಸಂಗಡಿಗರು 1990ರಲ್ಲಿ ತೋರಿಸಿದರು. ರೋಗಿ ಬೆರಳುಗಳನ್ನು ಆಡಿಸಿದಾಗ ಅಥವಾ ಮನಸ್ಸಿನಲ್ಲೇ ಪದಗಳನ್ನು ನೆನೆಸಿಕೊಂಡಾಗ ಕೆಲಸಕ್ಕಿಳಿದ ಭಾಗಕ್ಕೆ ಅಗತ್ಯಕ್ಕಿಂತ ಹೆಚ್ಚು ತಾಜಾ ರಕ್ತ ಹರಿದು ಅಲ್ಲಿನ ಸಂಕೇತ ಸ್ವಲ್ಪವೇ ಏರುತ್ತದೆ. ಚಟುವಟಿಕೆ ಮತ್ತು ವಿಶ್ರಾಂತಿಯನ್ನು ಹಲವು ಸುತ್ತು ಪುನರಾವರ್ತಿಸಿ ಆ ಅಲ್ಪ ಏರಿಕೆಯನ್ನು ಹೆಕ್ಕಿ ತೆಗೆಯುತ್ತಾರೆ.

ನರತಂತುಗಳ ಹಾದಿಯನ್ನು ತೋರಿಸುವುದು ಡಿಫ್ಯೂಷನ್‌ನ ಮುಂದುವರಿದ ರೂಪವಾದ ಟೆನ್ಸರ್ ಚಿತ್ರಣ. ತಂತುಗಳ ಉದ್ದಕ್ಕೆ ನೀರು ಸುಲಭವಾಗಿ ಸಾಗುತ್ತದೆ, ಅಡ್ಡಕ್ಕೆ ಸಾಗಲಾರದು; ಹಲವು ದಿಕ್ಕುಗಳಲ್ಲಿ ಈ ಚಲನೆಯನ್ನು ಅಳೆದು, ಕೈಕಾಲುಗಳಿಗೆ ಆಜ್ಞೆ ಒಯ್ಯುವ ತಂತುಗಳ ಕಟ್ಟು ಗಡ್ಡೆಯಿಂದ ಪಕ್ಕಕ್ಕೆ ಸರಿದಿದೆಯೋ ಅದರೊಳಗೆ ಸಿಕ್ಕಿಕೊಂಡಿದೆಯೋ ಎಂದು ಅಂದಾಜಿಸುತ್ತಾರೆ. ಪರದೆಯ ಮೇಲೆ ಬಣ್ಣಬಣ್ಣದ ಎಳೆಗಳಂತೆ ಕಾಣುವ ಈ ಚಿತ್ರ ನೋಡಲು ಎಷ್ಟು ನಿಖರವೆನಿಸುತ್ತದೆಯೋ ಅಷ್ಟು ನಿಖರವಲ್ಲ. ಅದು ಲೆಕ್ಕದಿಂದ ಎಳೆದ ಗೆರೆ. ಊತವಿರುವಲ್ಲಿ ಎಳೆ ತುಂಡಾಗಿ ಕಾಣಬಹುದು, ಎರಡು ಹಾದಿಗಳು ಕತ್ತರಿಸುವಲ್ಲಿ ದಾರಿ ತಪ್ಪಬಹುದು. ಗಡ್ಡೆಯ ಸಮೀಪ ನಾಳಗಳ ಪ್ರತಿಕ್ರಿಯೆ ಕೆಟ್ಟಿದ್ದರೆ ಫಂಕ್ಷನಲ್ ಎಂಆರ್‌ಐ ಕೂಡ ಕೆಲಸ ಮಾಡುತ್ತಿರುವ ಭಾಗವನ್ನು ನಿಷ್ಕ್ರಿಯವೆಂದು ತೋರಿಸೀತು. ಅದಕ್ಕೆಂದೇ ಮಾತಿನ ಕೇಂದ್ರದ ಬಳಿಯ ಶಸ್ತ್ರಚಿಕಿತ್ಸೆಯಲ್ಲಿ ಕೆಲವೊಮ್ಮೆ ರೋಗಿಯನ್ನು ಎಚ್ಚರವಾಗಿಟ್ಟು, ಮೆದುಳಿನ ಮೇಲ್ಮೈಗೆ ಅಲ್ಪ ವಿದ್ಯುತ್ ಹಾಯಿಸಿ ನೇರವಾಗಿ ಪರೀಕ್ಷಿಸುತ್ತಾರೆ.

ಬಯಾಪ್ಸಿ ಏಕೆ ತಪ್ಪುವುದಿಲ್ಲ

2021ರ ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣದ ಪ್ರಕಾರ ಗ್ಲಿಯೋಮಾದ ಹೆಸರು ನಿರ್ಧಾರವಾಗುವುದು ಸೂಕ್ಷ್ಮದರ್ಶಕದಲ್ಲಿ ಕಂಡ ಕೋಶಗಳ ರೂಪ ಮತ್ತು ಜೀನ್‌ಗಳ ಬದಲಾವಣೆ ಇವೆರಡನ್ನೂ ಕೂಡಿಸಿ ನೋಡಿದ ಮೇಲೆ. ವಯಸ್ಕರಲ್ಲಿ ಐಡಿಎಚ್ ರೂಪಾಂತರವಿದ್ದರೆ ಅದನ್ನು ಗ್ಲಿಯೋಬ್ಲಾಸ್ಟೋಮಾ ಎಂದು ಕರೆಯುವುದೇ ಇಲ್ಲ, ದರ್ಜೆ 4 ಆಗಿದ್ದರೂ ಅದು ಆಸ್ಟ್ರೋಸೈಟೋಮಾ. ಈ ಮಾಹಿತಿಯನ್ನು ಖಚಿತವಾಗಿ ಕೊಡುವುದು ಅಂಗಾಂಶದ ತುಣುಕು.

ಹಾಗೆಂದು ಸ್ಕ್ಯಾನ್ ವ್ಯರ್ಥವೆಂದಲ್ಲ. ತುಣುಕನ್ನು ಎಲ್ಲಿಂದ ತೆಗೆಯಬೇಕೆಂದು ತೋರಿಸುವುದು ಅದೇ. ಒಂದೇ ಗ್ಲಿಯೋಮಾದಲ್ಲಿ ಒಂದು ಭಾಗ 2ನೇ ದರ್ಜೆಯದಾಗಿದ್ದು, ಇನ್ನೊಂದು ಭಾಗ ಉಗ್ರರೂಪ ತಾಳಿರಬಹುದು. ಸೂಜಿ ಸೌಮ್ಯ ಭಾಗಕ್ಕೆ ಹೋದರೆ ರೋಗದ ತೀವ್ರತೆ ಕಡಿಮೆಯೆಂದು ತಪ್ಪಾಗಿ ತೀರ್ಮಾನವಾಗುತ್ತದೆ. ರಕ್ತದ ಪ್ರಮಾಣ ಮತ್ತು ಕೋಲೀನ್ ಅತಿ ಹೆಚ್ಚಿರುವ ಬಿಂದುವನ್ನು ಗುರಿಯಾಗಿಸಿಕೊಂಡರೆ ಈ ತಪ್ಪಿನ ಸಂಭವ ಇಳಿಯುತ್ತದೆ. ಕಂಪ್ಯೂಟರ್ ಕಲಿಕೆಯ ವಿಧಾನಗಳು ಗಡ್ಡೆಯ ಅಂಚನ್ನು ತಾವೇ ಗುರುತಿಸಿ ಗಾತ್ರ ಅಳೆಯುವುದರಲ್ಲಿ ಒಳ್ಳೆಯ ಪ್ರಗತಿ ಸಾಧಿಸಿವೆ. 2012ರಿಂದ ನಡೆಯುತ್ತಿರುವ ಬ್ರ್ಯಾಟ್ಸ್ ಎಂಬ ಅಂತರರಾಷ್ಟ್ರೀಯ ಸ್ಪರ್ಧೆ ಇದಕ್ಕೆ ಇಂಬು ಕೊಟ್ಟಿದೆ. ಆದರೂ ಅಂಗಾಂಶ ಪರೀಕ್ಷೆಯ ಜಾಗವನ್ನು ಅವು ತುಂಬಿಲ್ಲ.

ಚಿಕಿತ್ಸೆಯ ನಂತರದ ಗೊಂದಲ

ನನ್ನ ಮಟ್ಟಿಗೆ, ಮುಂದುವರಿದ ಎಂಆರ್‌ಐ ಅತ್ಯಂತ ಕಷ್ಟದ ಪರೀಕ್ಷೆಗೆ ಒಳಗಾಗುವುದು ಇಲ್ಲಿ. ವಿಕಿರಣ ಮತ್ತು ಔಷಧ ಚಿಕಿತ್ಸೆ ಮುಗಿದ ಮೇಲಿನ ಮೊದಲ ಮೂರು ತಿಂಗಳಲ್ಲಿ ಹೊಳೆಯುವ ಭಾಗ ದೊಡ್ಡದಾಗಿ, ಗಡ್ಡೆ ಬೆಳೆದಂತೆ ಕಂಡು, ಚಿಕಿತ್ಸೆ ಬದಲಿಸದೆಯೇ ಮುಂದೆ ತಾನಾಗಿ ಕುಗ್ಗುವುದುಂಟು. ವಿಕಿರಣದಿಂದ ಘಾಸಿಗೊಂಡ ನಾಳಗಳು ಸೋರುವುದು ಇದಕ್ಕೆ ಕಾರಣ. ವೈದ್ಯರು ಇದನ್ನು ಹುಸಿ ಬೆಳವಣಿಗೆ ಎನ್ನುತ್ತಾರೆ. 2010ರಲ್ಲಿ ಬಂದ ರಾನೊ ಎಂಬ ಮಾನದಂಡಗಳು ವಿಕಿರಣದ ನಂತರದ ಮೊದಲ 12 ವಾರಗಳಲ್ಲಿ, ವಿಕಿರಣ ಬಿದ್ದ ಪ್ರದೇಶದ ಹೊರಗೆ ಹೊಸ ಹೊಳಪು ಕಂಡರೆ ಅಥವಾ ಅಂಗಾಂಶದಲ್ಲಿ ಸಾಬೀತಾದರೆ ಮಾತ್ರ ರೋಗ ಮುಂದುವರಿದಿದೆ ಎಂದು ಪರಿಗಣಿಸಬೇಕೆಂದು ಹೇಳಿದ್ದು ಈ ಕಾರಣಕ್ಕೆ. ಇದರ ಎದುರು ರೂಪವೂ ಉಂಟು. ನಾಳಗಳ ಬೆಳವಣಿಗೆ ತಡೆಯುವ ಬೆವಾಸಿಜುಮ್ಯಾಬ್ ಔಷಧ ಕೊಟ್ಟಾಗ ಸೋರಿಕೆ ನಿಂತು ಹೊಳಪು ಬೇಗನೆ ಮಾಯವಾಗುತ್ತದೆ, ಆದರೆ ಗಡ್ಡೆಯ ಕೋಶಗಳು ಅಲ್ಲೇ ಇದ್ದು ಫ್ಲೇರ್ ಚಿತ್ರದಲ್ಲಿ ಬಿಳಿ ಭಾಗ ಹಿಗ್ಗುತ್ತ ಹೋಗಬಹುದು.

ಇಂಥಲ್ಲಿ ಪರ್ಫ್ಯೂಷನ್ ಮತ್ತೆ ನೆರವಿಗೆ ಬರುತ್ತದೆ: ಮರುಕಳಿಸಿದ ಗಡ್ಡೆಯಲ್ಲಿ ರಕ್ತದ ಪ್ರಮಾಣ ಹೆಚ್ಚು, ವಿಕಿರಣದಿಂದ ಸತ್ತ ಅಂಗಾಂಶದಲ್ಲಿ ಕಡಿಮೆ. ಎರಡೂ ಬೆರೆತಿರುವುದೇ ಸಾಮಾನ್ಯವಾದ್ದರಿಂದ ಒಂದೇ ಸ್ಕ್ಯಾನ್‌ಗಿಂತ ಕೆಲವು ವಾರಗಳ ಅಂತರದ ಎರಡು ಮೂರು ಸ್ಕ್ಯಾನ್‌ಗಳ ಜಾಡು ಹೆಚ್ಚು ನಂಬಲರ್ಹ. ಹಳೆಯ ಸ್ಕ್ಯಾನ್‌ಗಳ ವರದಿ ಮಾತ್ರವಲ್ಲದೆ ಚಿತ್ರಗಳಿರುವ ಸಿಡಿಯೂ ರೇಡಿಯಾಲಜಿಸ್ಟ್ ಕೈಗೆ ಸಿಗುವುದು, ಸಾಧ್ಯವಾದರೆ ಅದೇ ಯಂತ್ರದಲ್ಲಿ ಅದೇ ವಿಧಾನದಲ್ಲಿ ಸ್ಕ್ಯಾನ್ ಆಗುವುದು ಇಲ್ಲಿ ನಿಜವಾದ ವ್ಯತ್ಯಾಸ ತರುತ್ತದೆ.

ಮತ್ತೆ ಮತ್ತೆ ಸ್ಕ್ಯಾನ್ ಎಂದರೆ ಮತ್ತೆ ಮತ್ತೆ ಗ್ಯಾಡೋಲಿನಿಯಂ. ಮೂತ್ರಪಿಂಡ ತೀವ್ರವಾಗಿ ಸೋತಿರುವವರಲ್ಲಿ ಚರ್ಮ ಮತ್ತು ಅಂಗಾಂಶ ಗಟ್ಟಿಯಾಗುವ ಅಪರೂಪದ ಕಾಯಿಲೆಗೂ ಈ ಔಷಧಕ್ಕೂ ನಂಟಿರುವುದು 2006ರಲ್ಲಿ ಬೆಳಕಿಗೆ ಬಂತು. ಪದೇ ಪದೇ ಪಡೆದವರ ಮೆದುಳಿನಲ್ಲಿ ಲೋಹದ ಅಲ್ಪಾಂಶ ಉಳಿಯುವುದನ್ನು 2014ರ ನಂತರದ ಅಧ್ಯಯನಗಳು ತೋರಿಸಿದವು. ಅದರಿಂದ ಹಾನಿಯಾಗುತ್ತದೆಂಬುದು ಸಾಬೀತಾಗಿಲ್ಲ. ಲೋಹವನ್ನು ಪಂಜರದಂತೆ ಸುತ್ತುವರಿದು ಹಿಡಿಯುವ ಮ್ಯಾಕ್ರೋಸೈಕ್ಲಿಕ್ ಬಗೆಯ ಔಷಧಗಳಲ್ಲಿ ಹೀಗೆ ಉಳಿಯುವುದು ಕಡಿಮೆ. 2017ರಲ್ಲಿ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಸಡಿಲ ಕಟ್ಟಿನ ಹಲವು ಔಷಧಗಳ ಬಳಕೆಯನ್ನು ತಡೆಹಿಡಿದ ಮೇಲೆ ಅನೇಕ ಕಡೆ ಇವೇ ರೂಢಿಗೆ ಬಂದಿವೆ. ಮೂತ್ರಪಿಂಡದ ತೊಂದರೆ, ಗರ್ಭಧಾರಣೆ, ಹಿಂದೆ ಇಂಥ ಚುಚ್ಚುಮದ್ದಿನಿಂದ ಆದ ಅಲರ್ಜಿ ಇವನ್ನು ಮೊದಲೇ ತಿಳಿಸಬೇಕು. ಪೇಸ್‌ಮೇಕರ್, ಕಿವಿಯೊಳಗಿನ ಇಂಪ್ಲಾಂಟ್, ಮೆದುಳಿನ ನಾಳಕ್ಕೆ ಹಾಕಿದ ಹಳೆಯ ಕ್ಲಿಪ್, ಕಣ್ಣಿಗೆ ಹಿಂದೆಂದೋ ಹೊಕ್ಕ ಲೋಹದ ಚೂರು ಇದ್ದರೂ ಅಷ್ಟೇ. ಕಾಂತಕ್ಷೇತ್ರ ಸ್ಕ್ಯಾನ್ ನಡೆಯದಿರುವಾಗಲೂ ಜಾರಿಯಲ್ಲಿರುತ್ತದೆ. ಈ ಎಲ್ಲ ಪರೀಕ್ಷೆಗಳು ಸೇರಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯಬಹುದು. ನಡುವೆ ತಲೆ ಅಲುಗಿದರೆ ಫಂಕ್ಷನಲ್ ಎಂಆರ್‌ಐ ಮತ್ತು ಸ್ಪೆಕ್ಟ್ರೋಸ್ಕೋಪಿಗೆ ಹೆಚ್ಚು ಪೆಟ್ಟು ಬೀಳುತ್ತದೆ, ಅವನ್ನು ಮರಳಿ ಮಾಡಬಹುದು. ಔಷಧದ ಅಲೆ ದಾಟುವ ಆ ಕೆಲವು ಸೆಕೆಂಡುಗಳಲ್ಲಿ ಅಲುಗಿದರೆ ಮಾತ್ರ ಇನ್ನೊಂದು ಡೋಸ್ ಕೊಡದೆ ಆ ಅಳತೆಯನ್ನು ಮತ್ತೆ ಪಡೆಯಲಾಗುವುದಿಲ್ಲ.